ಬಾಡಿಗೆ ಮನೆಯ ಮೊದಲ ಕರೆಂಟ್ ಬಿಲ್: ‘ಹಿಂದಿನ ಮಾಪನ’ವನ್ನು ಪ್ರಶ್ನಿಸುವ ಬಗೆ

ಹೊಸ ಬಾಡಿಗೆ ಮನೆಯ ಮೊದಲ ಕರೆಂಟ್ ಬಿಲ್ ಕೈಗೆ ಬಂದಾಗ ಎಲ್ಲರ ಕಣ್ಣೂ ನೇರವಾಗಿ ಕಟ್ಟಬೇಕಾದ ಮೊತ್ತಕ್ಕೆ ಹೋಗುತ್ತದೆ. ಅದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಮೊದಲು ನೋಡಬೇಕಾದದ್ದು ನಡುವೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ‘ಹಿಂದಿನ ಮಾಪನ’ ಎಂಬ ಅಂಕಿಯನ್ನು. ನಾನು ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವಳು. ನಮ್ಮಲ್ಲಿ ತೊಗರಿಯ ಆವಕ, ಬೇಳೆಯ ಜಾವಕ, ಹೊಟ್ಟು, ನುಚ್ಚು ಎಲ್ಲವೂ ಸರಿಯಾಗಿದ್ದು ಆರಂಭಿಕ ಶಿಲ್ಕು, ಅಂದರೆ ವರ್ಷದ ಮೊದಲಿಗೆ ಇದ್ದ ದಾಸ್ತಾನು, ಒಂದೇ ತಪ್ಪಿದ್ದರೂ ಇಡೀ ವರ್ಷದ ಖಾತೆ ಸುಳ್ಳಾಗುತ್ತದೆ. ಬಿಲ್ಲಿನ ಹಿಂದಿನ ಮಾಪನವೂ ಅಂಥದ್ದೇ ಆರಂಭಿಕ ಶಿಲ್ಕು. ಅದನ್ನು ಬರೆದಾಗ ನೀವು ಆ ಮನೆಯಲ್ಲಿ ಇರಲಿಲ್ಲ. ಆದರೆ ಅದರ ಮೇಲೆ ಬಂದ ಹಣವನ್ನು ನೀವು ಕಟ್ಟಬೇಕು.

ನನ್ನ ಯಜಮಾನರು ಸರ್ಕಾರಿ ಶಾಲೆಯ ಶಿಕ್ಷಕರು. ಅವರ ವರ್ಗಾವಣೆಯ ಬೆನ್ನು ಹತ್ತಿ ಬೀದರ್‌, ಯಾದಗಿರಿ, ಕಲಬುರಗಿ ಮೂರೂ ಜಿಲ್ಲೆಗಳ ಬಾಡಿಗೆ ಮನೆಗಳನ್ನು ಕಂಡಿದ್ದೇನೆ. ಮೂರು ಕಡೆಯೂ ವಿದ್ಯುತ್ ಕೊಡುವುದು ಜೆಸ್ಕಾಂ. ಜನ ಇಂದಿಗೂ ಅದನ್ನು ಕೆಇಬಿ ಎಂದೇ ಕರೆಯುತ್ತಾರೆ. ಹಾಗಾಗಿ ಇಲ್ಲಿ ಬರೆದಿರುವುದು ಮೂರೂ ಊರಿಗೆ ಹೊಂದುತ್ತದೆ.

ಜಗಳ ಯಾರೊಂದಿಗೆ?

ಕಚೇರಿಗೆ ಹೋಗುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ಬಿಲ್ಲಿನ ಅಂಕಿ ತಪ್ಪೋ, ಅಥವಾ ಅಂಕಿ ಸರಿಯಾಗಿಯೇ ಇದ್ದು ಯೂನಿಟ್‌ಗಳು ಬೇರೆಯವರವೋ? ಇವೆರಡೂ ಬೇರೆ ಬೇರೆ ತಕರಾರು. ಮೊದಲನೆಯದಕ್ಕೆ ವಿದ್ಯುತ್ ಕಚೇರಿ ಉತ್ತರ ಕೊಡಬೇಕು, ಎರಡನೆಯದಕ್ಕೆ ಮನೆ ಮಾಲೀಕರು. ಬಹಳ ಜನ ಇದನ್ನು ಅದಲುಬದಲು ಮಾಡಿಕೊಂಡು, ಮಾಲೀಕರೊಂದಿಗೆ ಆಡಬೇಕಾದ ಮಾತನ್ನು ಕಚೇರಿಯ ಕಿಟಕಿಯ ಮುಂದೆ ಆಡಿ ಬರಿಗೈಯಲ್ಲಿ ಮರಳುತ್ತಾರೆ. ಕಿಟಕಿಯ ಆಚೆ ಕುಳಿತವರನ್ನು ಬೈದು ಏನೂ ಪ್ರಯೋಜನವಿಲ್ಲ. ಅವರ ವಹಿಯಲ್ಲಿ ಇರುವುದು ಆರ್‌.ಆರ್‌. ಸಂಖ್ಯೆ, ಅಂದರೆ ಆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ. ಜೂನ್‌ವರೆಗೆ ಯಾರಿದ್ದರು, ಜುಲೈಯಲ್ಲಿ ಯಾರು ಬಂದರು ಎಂಬುದು ಆ ವಹಿಗೆ ಗೊತ್ತಿಲ್ಲ. ಬಾಕಿ ಇರುವುದು ಜಾಗದ ಮೇಲೆ. ಹಳೆಯ ಬಾಕಿ ತೀರಿಸಿದರೆ ಮಾತ್ರ ಅದೇ ಜಾಗಕ್ಕೆ ಹೊಸ ಸಂಪರ್ಕ ಕೊಡುತ್ತೇವೆ ಎಂಬ ಷರತ್ತನ್ನು ವಿದ್ಯುತ್ ಕಂಪನಿಗಳು ಇಟ್ಟುಕೊಳ್ಳಬಹುದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಅಂಕಿಯೇ ತಪ್ಪಾಗುವುದು ಹೇಗೆ? ನಾನು ಕಂಡಂತೆ ಹೆಚ್ಚಾಗಿ ಮೂರು ದಾರಿಗಳಲ್ಲಿ.

ಒಂದು, ಅಂಕಿ ಅದಲುಬದಲಾಗುವುದು. ಮೀಟರ್‌ನಲ್ಲಿ 4857 ಇದ್ದಾಗ ಬಿಲ್‌ನಲ್ಲಿ 4587 ಎಂದು ದಾಖಲಾದರೆ ಮುಂದಿನ ತಿಂಗಳು ಬರುವವರ ತಲೆಯ ಮೇಲೆ 270 ಯೂನಿಟ್ ಬೀಳುತ್ತದೆ. ಲೆಕ್ಕ ಬರೆಯುವವರಿಗೆ ಇದನ್ನು ಹಿಡಿಯುವ ಹಳೆಯ ಉಪಾಯವೊಂದು ಗೊತ್ತು. ಪಕ್ಕಪಕ್ಕದ ಎರಡು ಅಂಕಿಗಳು ಸ್ಥಳ ಬದಲಿಸಿಕೊಂಡಿದ್ದರೆ ವ್ಯತ್ಯಾಸವನ್ನು 9 ನಿಶ್ಶೇಷವಾಗಿ ಭಾಗಿಸುತ್ತದೆ. 270 ಭಾಗಿಸು 9, ಮೂವತ್ತು. ನೀವು ಕಂಡ ಅಂಕಿಗೂ ಬಿಲ್ಲಿನ ಅಂಕಿಗೂ ಇರುವ ವ್ಯತ್ಯಾಸ ಹೀಗೆ 9ರಿಂದ ಭಾಗವಾದರೆ ಮೊದಲು ಈ ಅನುಮಾನ ಪಡಿ. ಪುರಾವೆ ಎನ್ನಲಾಗದು, ಆದರೆ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ.

ಎರಡು, ಸರಾಸರಿ ಬಿಲ್. ಗೇಟಿಗೆ ಬೀಗ, ಒಳಗೆ ನಾಯಿ, ಮೀಟರ್ ಕಾಣುವುದಿಲ್ಲ. ಆಗ ಮೀಟರ್ ಓದುವವರು ಬಾಗಿಲು ಮುಚ್ಚಿದೆ ಎಂದು ಬರೆದು ಹಿಂದಿನ ತಿಂಗಳುಗಳ ಸರಾಸರಿಯ ಮೇಲೆ ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಹಿಂದಿನ ಮಾಪನ ಕೊನೆಯ ಸಲ ಕಣ್ಣಾರೆ ಓದಿದ ಅಂಕಿಯಲ್ಲೇ ನಿಂತಿರುತ್ತದೆ. ಹೊಸ ಬಾಡಿಗೆದಾರರು ಬಂದು ಗೇಟು ತೆರೆದ ತಿಂಗಳು, ಇಷ್ಟು ದಿನ ಮೀಟರ್‌ನೊಳಗೆ ಕೂಡಿಟ್ಟಿದ್ದ ಯೂನಿಟ್‌ಗಳೆಲ್ಲ ಒಮ್ಮೆಗೇ ಬಿಲ್ಲಿಗೆ ಬರುತ್ತವೆ. ಮೊದಲ ಬಿಲ್ ದೊಡ್ಡದಾಗಿ ಬರುವ ಪ್ರಕರಣಗಳಲ್ಲಿ ನಾನು ಹೆಚ್ಚು ನೋಡಿದ್ದು ಇದನ್ನೇ.

ಮೂರು, ಮೀಟರ್ ಅದಲುಬದಲಾಗಿರುವುದು. ಮೇಲಿನ ಮನೆ, ಕೆಳಗಿನ ಮನೆ, ಹಿಂದಿನ ಕೋಣೆ ಎಲ್ಲದರ ಮೀಟರ್‌ಗಳು ಒಂದೇ ಹಲಗೆಯ ಮೇಲೆ ಇರುತ್ತವೆ. ಬಣ್ಣದಲ್ಲಿ ಬರೆದ ಆರ್‌.ಆರ್‌. ಸಂಖ್ಯೆ ಅಳಿಸಿರುತ್ತದೆ, ಇಲ್ಲವೇ ವೈರಿಂಗ್ ಮಾಡಿದವರು ತಂತಿಗಳನ್ನು ಅಡ್ಡಾದಿಡ್ಡಿ ಜೋಡಿಸಿರುತ್ತಾರೆ. ನೀವು ಮೇಲೆ ಕೂಲರ್ ಹಾಕಿದರೆ ಕೆಳಗಿನವರ ಮೀಟರ್ ಓಡುತ್ತದೆ.

ಕೀಲಿ ಪಡೆದ ದಿನ

ಮುಂದೆ ತಕರಾರು ಬಂದರೆ ಗೆಲ್ಲುವವರು ಜೋರಾಗಿ ಮಾತನಾಡುವವರಲ್ಲ, ದಿನಾಂಕವಿರುವ ಕಾಗದ ಉಳ್ಳವರು. ಆ ಕಾಗದ ಹುಟ್ಟಬೇಕಾದದ್ದು ಕೀಲಿ ಕೈಗೆ ಬಂದ ದಿನ. ಹಾಲು ಉಕ್ಕಿಸುವ ಮುಂಚೆ ಆದರೂ ಸರಿ, ಆಮೇಲೆ ಆದರೂ ಸರಿ, ಸಾಮಾನು ಇಳಿಸುವ ಗದ್ದಲದಲ್ಲಿ ಮರೆಯಬೇಡಿ.

ಈಗಿನ ಎಲೆಕ್ಟ್ರಾನಿಕ್ ಮೀಟರ್‌ನ ಪರದೆಯ ಮೇಲೆ ಅಂಕಿಗಳು ಒಂದರ ಹಿಂದೆ ಒಂದು ಓಡುತ್ತಿರುತ್ತವೆ: ದಿನಾಂಕ, ಸಮಯ, ವೋಲ್ಟೇಜ್, ಗರಿಷ್ಠ ಬೇಡಿಕೆ, ಒಟ್ಟು ಯೂನಿಟ್. ನಿಮಗೆ ಬೇಕಾದದ್ದು ಒಟ್ಟು ಯೂನಿಟ್. ಅದರ ಪಕ್ಕದಲ್ಲಿ ಕೆ, ಡಬ್ಲ್ಯೂ, ಎಚ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಚ್ ಇಲ್ಲದೆ ಕೆ, ಡಬ್ಲ್ಯೂ ಎರಡೇ ಇದ್ದರೆ ಅದು ಗರಿಷ್ಠ ಬೇಡಿಕೆ. ಅದನ್ನು ಬರೆದುಕೊಂಡು ಬಂದು ವಾದ ಮಾಡಿದರೆ ನಗುತ್ತಾರೆ. ಒಂದೇ ಫೋಟೊ ತೆಗೆಯುವ ಬದಲು ಪರದೆ ಒಂದು ಪೂರ್ತಿ ಸುತ್ತು ಓಡುವವರೆಗೆ ವಿಡಿಯೊ ಮಾಡಿ. ಅದರಲ್ಲಿ ಮೀಟರ್ ತಾನೇ ತೋರಿಸುವ ದಿನಾಂಕವೂ ಬರುತ್ತದೆ. ವಿಡಿಯೊ ಆರಂಭದಲ್ಲಿ ಇಡೀ ಹಲಗೆ, ನಂತರ ಮೀಟರ್‌ನ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆ, ನಂತರ ಪರದೆ, ಈ ಸರಣಿಯಲ್ಲಿ ತೆಗೆದರೆ ಇದು ಬೇರೆ ಮನೆಯ ಮೀಟರ್ ಎಂದು ಯಾರೂ ಹೇಳಲಾರರು. ಚಕ್ರ ತಿರುಗುವ ಹಳೆಯ ಮೀಟರ್ ಆಗಿದ್ದರೆ ಕೊನೆಯ ಕೆಂಪು ಅಂಕಿ ಯೂನಿಟ್‌ನ ಹತ್ತನೆಯ ಒಂದು ಭಾಗ. ಅದನ್ನು ಲೆಕ್ಕಕ್ಕೆ ಸೇರಿಸಬಾರದು.

ಫೋಟೊವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸವಾದಂತೆ. ಅದೇ ಕ್ಷಣ ಮಾಲೀಕರ ವಾಟ್ಸ್‌ಆ್ಯಪ್‌ಗೆ ಕಳುಹಿಸಿ. ಆಗ ದಿನಾಂಕ ಅವರ ಮೊಬೈಲ್‌ನಲ್ಲೂ ಉಳಿಯುತ್ತದೆ. ನಾನು ಬರೆಯುವುದು ಇಷ್ಟೇ: “ನಮಸ್ಕಾರ ಕಾಕಾ. ಇಂದು ಮನೆಯ ಕೀಲಿ ಪಡೆದೆವು. ಮೀಟರ್‌ನಲ್ಲಿ 7215 ಇದೆ. ಇಲ್ಲಿಂದ ಮುಂದಿನ ಯೂನಿಟ್ ನಮ್ಮದು. ಫೋಟೊ ಕಳುಹಿಸಿದ್ದೇನೆ, ನೋಡಿ ಸರಿ ಎಂದು ತಿಳಿಸಿ.” ಸಿಟ್ಟಿಲ್ಲ, ಅನುಮಾನವಿಲ್ಲ. ಇದಕ್ಕೆ ಮಾಲೀಕರು ಒಂದು ಹೆಬ್ಬೆರಳಿನ ಚಿತ್ರ ಕಳುಹಿಸಿದರೂ ಸಾಕು.

ಹನ್ನೊಂದು ತಿಂಗಳ ಕರಾರು ಪತ್ರ ಮಾಡುವವರು ಅದರಲ್ಲಿ ಒಂದು ಸಾಲು ಸೇರಿಸಲು ಹೇಳಿ. ಟೈಪ್ ಮಾಡುವವರು ಹಳೆಯ ನಮೂನೆಯನ್ನೇ ಹೆಸರು ಬದಲಿಸಿ ಕೊಡುತ್ತಾರೆ. ಅದರಲ್ಲಿ “ಕರೆಂಟ್ ಬಿಲ್ ಬಾಡಿಗೆದಾರರೇ ಕಟ್ಟತಕ್ಕದ್ದು” ಎಂದು ಮಾತ್ರ ಇರುತ್ತದೆ. ಆ ವಾಕ್ಯದಲ್ಲಿ ಯಾವ ಅಂಕಿಯಿಂದ ಎಂಬುದೇ ಇಲ್ಲ. ನೀವು ಹೇಳಿ ಬರೆಸಬೇಕಾದದ್ದು: “ಕೀಲಿ ಹಸ್ತಾಂತರಿಸಿದ ದಿನ ಆರ್‌.ಆರ್‌. ಸಂಖ್ಯೆ ಇಷ್ಟರ ಮೀಟರ್ ಮಾಪನ ಇಷ್ಟಿತ್ತು. ಅದಕ್ಕಿಂತ ಹಿಂದಿನ ಬಳಕೆ, ಬಾಕಿ ಮತ್ತು ಬಡ್ಡಿ ಮಾಲೀಕರದು. ವಿದ್ಯುತ್ ಕಂಪನಿ ಕೇಳುವ ಭದ್ರತಾ ಠೇವಣಿಯೂ ಮಾಲೀಕರದು.” ಠೇವಣಿಯ ಮಾತನ್ನು ಸುಮ್ಮನೆ ಸೇರಿಸಿಲ್ಲ. ಬಳಕೆ ಹೆಚ್ಚಾದ ಮನೆಗಳಿಗೆ ಹೆಚ್ಚುವರಿ ಠೇವಣಿ ಕಟ್ಟಿ ಎಂಬ ಬೇಡಿಕೆ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಆ ಹಣ ಮಾಲೀಕರ ಹೆಸರಿನಲ್ಲಿ ಜಮೆಯಾಗುತ್ತದೆ. ಮನೆ ಬಿಡುವಾಗ ನಿಮಗೆ ಸಿಗುವುದಿಲ್ಲ.

ಸಾಮಾನು ಇಳಿದ ಮೇಲೆ ಇನ್ನೊಂದು ಪರೀಕ್ಷೆ. ಮನೆಯೊಳಗಿನ ಮೇನ್ ಸ್ವಿಚ್ ಇಳಿಸಿ, ಮೀಟರ್ ಬಳಿ ಹೋಗಿ ಅದರ ಕೆಂಪು ದೀಪವನ್ನು ಸ್ವಲ್ಪ ಹೊತ್ತು ನೋಡಿ. ಮಿನುಗು ನಿಂತರೆ ಸರಿ. ನಿಲ್ಲದಿದ್ದರೆ ನಿಮ್ಮ ಮೀಟರ್‌ನಿಂದ ಬೇರೆಲ್ಲಿಗೋ ಕರೆಂಟ್ ಹೋಗುತ್ತಿದೆ. ಹೆಚ್ಚಿನ ಸಲ ಅದು ಮೆಟ್ಟಿಲ ದೀಪ ಅಥವಾ ಬೋರ್‌ವೆಲ್ ಮೋಟರ್. ದೀಪವನ್ನು ಸಹಿಸಬಹುದು, ಮೋಟರನ್ನು ಸಹಿಸಬಾರದು. ಒಂದು ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ನಮ್ಮ ಕಡೆಯ ಬೇಸಿಗೆಯಲ್ಲಿ ಬೋರ್ ನೀರು ಇಳಿದಾಗ ಅದು ಎಷ್ಟು ಹೊತ್ತು ಓಡುತ್ತದೆ ಎಂದು ನಿಮಗೇ ಗೊತ್ತು. ಮೋಟರ್ ಆಗ ಓಡದೇ ಇರಬಹುದು, ಆದ್ದರಿಂದ ಅದನ್ನು ಹಾಕಿಸಿ ನೋಡಿ.

ಮೀಟರ್ ವೇಗವಾಗಿ ಓಡುತ್ತಿದೆ ಎಂಬ ಸಂಶಯವಿದ್ದರೆ ಅದನ್ನೂ ಮನೆಯಲ್ಲೇ ಅಂದಾಜು ಮಾಡಬಹುದು. ಮೀಟರ್‌ನ ಮೈಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. 3200 ಎಂದು ಇದೆ ಎಂದುಕೊಳ್ಳಿ. ಉಳಿದೆಲ್ಲ ಆರಿಸಿ, ಬಕೆಟ್ ನೀರಿಗೆ 1000 ವ್ಯಾಟ್‌ನ ಹೀಟರ್ ಕಡ್ಡಿ ಒಂದನ್ನೇ ಇಳಿಸಿ ಸ್ವಿಚ್ ಹಾಕಿ. ಮೂರು ನಿಮಿಷಕ್ಕೆ 160ರ ಆಸುಪಾಸು ಮಿನುಗಬೇಕು. ವೋಲ್ಟೇಜ್ ಕಡಿಮೆಯಿದ್ದರೆ ಎಣಿಕೆ ಇಳಿಯುತ್ತದೆ. ಇನ್ನೂರು ದಾಟಿದರೆ ಮೀಟರ್ ಪರೀಕ್ಷೆಗೆ ಅರ್ಜಿ ಬರೆಯಿರಿ. ಇಸ್ತ್ರಿ ಪೆಟ್ಟಿಗೆಯಿಂದ ಈ ಪರೀಕ್ಷೆ ಆಗದು, ಅದು ಕಾದ ಮೇಲೆ ತಾನೇ ಆರುತ್ತದೆ.

ಯಾರೂ ಹೇಳದ ಒಂದು ನಿಯಮ

ಕೇಂದ್ರ ಸರ್ಕಾರದ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು, 2020 ಎಂಬುದೊಂದಿದೆ. ಅದರ ಪ್ರಕಾರ ಮನೆಯಲ್ಲಿ ಇರುವವರು ಬದಲಾದಾಗ ಅಥವಾ ಮನೆ ಖಾಲಿಯಾದಾಗ ವಿದ್ಯುತ್ ಕಂಪನಿ ವಿಶೇಷವಾಗಿ ಮೀಟರ್ ಓದಿಸಿ, ಅಲ್ಲಿಯವರೆಗಿನ ಬಾಕಿಯನ್ನೆಲ್ಲ ಸೇರಿಸಿ ಅಂತಿಮ ಬಿಲ್ ಕೊಡಬೇಕು. ಆ ಹಣ ಕಟ್ಟಿದ ಏಳು ದಿನಗಳೊಳಗೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನೂ ಕೊಡಬೇಕು. ಬಾಡಿಗೆ ಮನೆಗಳಲ್ಲಿ ಇದನ್ನು ಕೇಳುವವರೇ ಇಲ್ಲ. ಖಾಲಿ ಮಾಡುವವರಿಗೆ ಹೋಗುವ ಅವಸರ, ಬರುವವರಿಗೆ ಬರುವ ಅವಸರ, ಮಾಲೀಕರಿಗೆ ಒಂದು ತಿಂಗಳ ಬಾಡಿಗೆಯೂ ತಪ್ಪಬಾರದೆಂಬ ಅವಸರ. ಮುಂಗಡ ಕೊಡುವಾಗಲೇ “ಹಳೆಯವರು ಹೋದ ಮೇಲೆ ಒಮ್ಮೆ ರೀಡಿಂಗ್ ತೆಗೆಸಿ ಬಿಲ್ ಚುಕ್ತಾ ಮಾಡಿಸಿ, ಆಮೇಲೆ ಬರುತ್ತೇವೆ” ಎಂದು ಹೇಳಿ ನೋಡಿ. ಒಪ್ಪಿದರೆ ಮುಂದಿನ ಬರಹ ನಿಮಗೆ ಬೇಕಾಗುವುದೇ ಇಲ್ಲ.

ಅದೇ ನಿಯಮಗಳಲ್ಲಿ ಇನ್ನೆರಡು ಉಪಯುಕ್ತ ಮಾತುಗಳಿವೆ. ಮೀಟರ್ ಓದಲು ಆಗದೆ ಕೊಡುವ ಅಂದಾಜು ಬಿಲ್ ಎರಡು ಅವಧಿಗಿಂತ ಹೆಚ್ಚು ಮುಂದುವರಿದರೆ, ನಿಜವಾದ ಮಾಪನದ ಬಿಲ್ ಬರುವವರೆಗೆ ಹಣ ಕಟ್ಟಲು ಗ್ರಾಹಕ ನಿರಾಕರಿಸಬಹುದು. ಬೀಗ ಹಾಕಿ ಊರಿಗೆ ಹೋಗುವವರು ಮೀಟರ್‌ನ ಫೋಟೊವನ್ನು ನೋಂದಾಯಿತ ಮೊಬೈಲ್‌ನಿಂದ ಕಳುಹಿಸಿ ಅಂದಾಜು ಬಿಲ್ಲನ್ನು ತಪ್ಪಿಸಿಕೊಳ್ಳಬಹುದು.

ನನ್ನ ಬಿಲ್ಲಿನ ಲೆಕ್ಕ

ಸೇಡಂ ರಸ್ತೆಯ ಕಡೆ ಈಗಿರುವ ಮನೆಗೆ ಬಂದ ಮೊದಲ ತಿಂಗಳ ಬಿಲ್ ಹೀಗಿತ್ತು. ಹಿಂದಿನ ಮಾಪನ 6842, ಇಂದಿನ ಮಾಪನ 7301, ಬಳಕೆ 459. ಕೀಲಿ ಪಡೆದ ದಿನದ ನನ್ನ ವಿಡಿಯೊದಲ್ಲಿ 7215. ಅಂದರೆ ನಮ್ಮದು 86 ಯೂನಿಟ್, ಉಳಿದ 373 ನಾವು ಬರುವ ಮೊದಲಿನದು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಮನೆ ಬಳಕೆಯ ದರ ಆಗ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಆ ಲೆಕ್ಕದಲ್ಲಿ 373 ಯೂನಿಟ್‌ಗೆ 2163 ರೂಪಾಯಿ 40 ಪೈಸೆ. ತೆರಿಗೆ, ಸರ್ಚಾರ್ಜ್ ಬೇರೆ.

ಬರೀ ಇಷ್ಟೇ ಆಗಿದ್ದರೆ ಮಾಲೀಕರೊಂದಿಗೆ ಮಾತಾಡಿ ಮುಗಿಸಬಹುದಿತ್ತು. ಆದರೆ ಗೃಹಜ್ಯೋತಿಯ ಗೆರೆಯೊಂದಿದೆ. ಈ ಉಚಿತ ವಿದ್ಯುತ್ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ಒಂದು ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಹೆಚ್ಚಾದದ್ದಕ್ಕಷ್ಟೇ ಅಲ್ಲ, ಇಡೀ ಬಿಲ್ಲಿಗೆ ಹಣ ಕಟ್ಟಬೇಕು. ಎಷ್ಟೋ ತಿಂಗಳುಗಳ ಯೂನಿಟ್ ಒಂದೇ ತಿಂಗಳಿಗೆ ಬಂದು ಬಿದ್ದರೆ 86 ಯೂನಿಟ್ ಉರಿಸಿದ ಮನೆಯೂ ಈ ಗೆರೆ ದಾಟಿಬಿಡುತ್ತದೆ. 2024ರ ಏಪ್ರಿಲ್‌ನಿಂದ ಮನೆಗಳಿಗೆ ಎಷ್ಟೇ ಬಳಸಿದರೂ ಒಂದೇ ದರವಾದ್ದರಿಂದ, ಯೂನಿಟ್‌ಗಳನ್ನು ತಿಂಗಳುಗಳಿಗೆ ಹಂಚಿದರೆ ದರದಲ್ಲಿ ಲಾಭವಿಲ್ಲ ಎಂದು ಕೆಲವರು ಹೇಳುತ್ತಾರೆ. ದರದ ಮಟ್ಟಿಗೆ ಅದು ಸರಿ. 200ರ ಗೆರೆಯ ಮಟ್ಟಿಗೆ ಹಂಚಿಕೆಯೇ ಎಲ್ಲ.

ಆದ್ದರಿಂದ ನಾನು ಎರಡೂ ಬಾಗಿಲು ಬಡಿದೆ. ಮೊದಲು ಹಿಂದಿನ ತಿಂಗಳುಗಳ ಬಿಲ್‌ಗಳನ್ನು ಆನ್‌ಲೈನ್‌ನಲ್ಲಿ ಖಾತೆ ಸಂಖ್ಯೆ ಹಾಕಿ ತೆಗೆದೆ. ಹಿಂದಿನ ಮಾಪನ, ಇಂದಿನ ಮಾಪನ ಎರಡೂ ಒಂದೇ ಆಗಿದ್ದು ಬಳಕೆಯ ಜಾಗದಲ್ಲಿ ಮಾತ್ರ ಯೂನಿಟ್ ಇರುವ ತಿಂಗಳು ಕಂಡರೆ ಅದು ಸರಾಸರಿ ಬಿಲ್. ನಮ್ಮ ಮನೆಯಲ್ಲಿ ಅಂಥವು ಸಾಲಾಗಿ ಇದ್ದವು. ಹಳೆಯ ಬಾಡಿಗೆದಾರರು ಗೇಟಿಗೆ ಬೀಗ ಹಾಕಿ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು ಎಂದು ಎದುರು ಮನೆಯ ಅಕ್ಕ ಹೇಳಿದರು.

ನಂತರ ಮಾಲೀಕರ ಮನೆ. ಚಹಾ ಬಂತು, ಮಾತು ಬಂತು.

“ಖಾಲಿ ಮಾಡಿದವರು ಹೋಗಿಬಿಟ್ಟರಲ್ಲಮ್ಮ, ನಾನು ಈಗ ಯಾರನ್ನು ಹಿಡಿಯಲಿ?” ಎಂದರು.

“ಅವರ ಡಿಪಾಜಿಟ್ ನಿಮ್ಮ ಕೈಯಲ್ಲಿ ಇತ್ತಲ್ಲ ಕಾಕಾ, ಅದನ್ನು ಮರಳಿಸುವಾಗ ಬಿಲ್ ನೋಡಬೇಕಿತ್ತು” ಎಂದೆ.

“ಬೇಸಿಗೆಯಲ್ಲಿ ನೀವೂ ಕೂಲರ್ ಹಾಕಿದ್ದೀರಿ.”

ಈ ಮಾತು ಬರುತ್ತದೆಂದು ಗೊತ್ತಿತ್ತು, ಚೀಟಿ ಬರೆದುಕೊಂಡೇ ಹೋಗಿದ್ದೆ. ಇನ್ನೂರು ವ್ಯಾಟ್ ಕೂಲರ್ ಹತ್ತು ಗಂಟೆ ಓಡಿದರೆ ಎರಡು ಯೂನಿಟ್. ತಿಂಗಳಿಡೀ ಓಡಿದರೂ ಅರವತ್ತು. ನಾಲ್ಕುನೂರ ಐವತ್ತೊಂಬತ್ತು ಆಗಬೇಕಾದರೆ ಮನೆಯ ತುಂಬ ಕೂಲರ್ ಇರಬೇಕು. ಅವರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು, ವಾಟ್ಸ್‌ಆ್ಯಪ್‌ನಲ್ಲಿ ತಾವೇ ಕಳುಹಿಸಿದ್ದ ಹೆಬ್ಬೆರಳನ್ನೂ ನೋಡಿದರು. ಕಚೇರಿಯಲ್ಲಿ ತಿದ್ದುಪಡಿಯಾಗಿ ಉಳಿಯುವ ಹಳೆಯ ಹಣವನ್ನು ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಲು ಒಪ್ಪಿದರು. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಅಲ್ಲೇ ಕುಳಿತು ಒಂದು ಸಂದೇಶವಾಗಿ ಬರೆದು ಕಳುಹಿಸಿ ಎದ್ದೆ. ಮಾಲೀಕರು ಒಳ್ಳೆಯವರಾದರೆ ಬರೆಯುವುದು ಬೇಡ ಎಂಬ ಸಂಕೋಚ ನಮ್ಮ ಜನರಲ್ಲಿದೆ. ಒಳ್ಳೆಯವರೂ ಮರೆಯುತ್ತಾರೆ.

ಕಚೇರಿಗೆ ಬರೆಯುವ ಅರ್ಜಿ

1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯುವುದು ಒಳ್ಳೆಯದು, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬಿಲ್ ತಿದ್ದುಪಡಿ ಕಾಗದದ ಮೇಲೆ ನಡೆಯುವ ಕೆಲಸ. ನಿಮ್ಮ ಬಡಾವಣೆ ಯಾವ ಉಪವಿಭಾಗಕ್ಕೆ ಬರುತ್ತದೆಂದು ಬಿಲ್ಲಿನ ಮೇಲ್ಭಾಗದಲ್ಲೇ ಇರುತ್ತದೆ. ಅಲ್ಲಿಯ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರ ಹೆಸರಿಗೆ ಎರಡು ಪ್ರತಿ ಅರ್ಜಿ ಬರೆಯಿರಿ. ಒಂದು ಪ್ರತಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಠಸ್ಸೆ ಹಾಕಿಸಿಕೊಳ್ಳಿ. ಠಸ್ಸೆ ಇಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯಿಲ್ಲ.

ನಾನು ಬರೆದ ಅರ್ಜಿಯ ಒಡಲು ಹೀಗಿತ್ತು, ಬೇಕಾದವರು ಬಳಸಿಕೊಳ್ಳಬಹುದು:

“ಮಾನ್ಯರೇ, ಮೇಲಿನ ಆರ್‌.ಆರ್‌. ಸಂಖ್ಯೆಯ ಮನೆಗೆ ನಾವು ಬಾಡಿಗೆದಾರರಾಗಿ ಬಂದ ದಿನ ಮೀಟರ್ ಮಾಪನ 7215 ಇತ್ತು. ಈ ತಿಂಗಳ ಬಿಲ್ಲಿನಲ್ಲಿ ಹಿಂದಿನ ಮಾಪನ 6842 ಎಂದಿದ್ದು, 459 ಯೂನಿಟ್ ಒಂದೇ ತಿಂಗಳ ಬಳಕೆಯಾಗಿ ಲೆಕ್ಕವಾಗಿದೆ. ಇದಕ್ಕೂ ಹಿಂದಿನ ತಿಂಗಳುಗಳಲ್ಲಿ ಸರಾಸರಿ ಬಿಲ್ ನೀಡಿರುವುದು ಲಗತ್ತಿಸಿದ ಬಿಲ್‌ಗಳಿಂದ ಕಾಣುತ್ತದೆ. ಆಗ ಬಿಲ್ ಆಗಿರುವ ಯೂನಿಟ್‌ಗಳನ್ನು ಕಳೆದು, ಉಳಿದ ಬಳಕೆಯನ್ನು ಆಯಾ ತಿಂಗಳುಗಳಿಗೆ ಹಂಚಿ, ಪರಿಷ್ಕೃತ ಬಿಲ್ ನೀಡಬೇಕೆಂದು ಕೋರುತ್ತೇನೆ. ಸ್ಥಳ ಪರಿಶೀಲನೆ ಬೇಕಿದ್ದರೆ ಮನೆಯಲ್ಲಿ ಹಾಜರಿರುತ್ತೇವೆ.”

ಇದರೊಂದಿಗೆ ಬಿಲ್‌ಗಳ ಪ್ರತಿ, ಮೀಟರ್ ಫೋಟೊದ ಅಚ್ಚು, ಕರಾರು ಪತ್ರದ ಪ್ರತಿ. ಅರ್ಜಿಯಲ್ಲಿ ಸಂಕಟ ತೋಡಿಕೊಳ್ಳಬೇಡಿ. ಮಕ್ಕಳ ಫೀಸು, ಗಂಡನ ಸಂಬಳ, ಮೀಟರ್ ಓದುವವರ ನಡತೆ ಎಲ್ಲ ಬರೆದರೆ ಅಂಕಿಗಳು ಅದರೊಳಗೆ ಮುಳುಗುತ್ತವೆ. ಓದುವವರಿಗೆ ಮೂರು ಅಂಕಿ, ಒಂದು ಬೇಡಿಕೆ ಕಂಡರೆ ಸಾಕು. ನನ್ನ ಅರ್ಜಿಗೆ ಮನೆಗೆ ಬಂದು ಮೀಟರ್ ನೋಡಿಕೊಂಡು ಹೋದರು. ಹಳೆಯ ಸರಾಸರಿ ಯೂನಿಟ್ ಕಳೆದ ಪರಿಷ್ಕೃತ ಬಿಲ್ ಸಿಕ್ಕಿತು, ಮಿಕ್ಕದ್ದು ಮಾಲೀಕರ ಬಾಡಿಗೆಯಲ್ಲಿ ವಜಾ ಆಯಿತು.

“ಬಿಲ್ ನಿಮ್ಮ ಹೆಸರಿನಲ್ಲಿಲ್ಲ, ಮಾಲೀಕರನ್ನು ಕರೆತನ್ನಿ” ಎಂಬ ಮಾತು ಎಲ್ಲಾದರೂ ಕೇಳಿಬಂದರೆ ಗಾಬರಿಯಾಗಬೇಡಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 2(15)ನೇ ಕಲಮಿನಲ್ಲಿ ಗ್ರಾಹಕ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ, ಸದ್ಯ ಯಾರ ಸ್ಥಳಕ್ಕೆ ವಿದ್ಯುತ್ ಸಂಪರ್ಕ ಇದೆಯೋ ಅವರೂ ಸೇರುತ್ತಾರೆ. ಆದರೂ ಮಾಲೀಕರಿಂದ ಎರಡು ಸಾಲಿನ ಒಪ್ಪಿಗೆ ಪತ್ರ ತೆಗೆದುಕೊಂಡು ಹೋದರೆ ವಾದ ಮಾಡುವ ಶ್ರಮ ಉಳಿಯುತ್ತದೆ. ಕಲಮು ಹೇಳಿ ಗೆಲ್ಲುವುದಕ್ಕಿಂತ ಬೇಗ ಮನೆಗೆ ಬರುವುದು ಲೇಸು.

ಅರ್ಜಿ ಕೊಟ್ಟಿದ್ದೇವೆಂದು ಬಿಲ್ ಕಟ್ಟದೆ ಕುಳಿತರೆ ಬಡ್ಡಿ ಬೆಳೆಯುತ್ತದೆ, ಕೊನೆಗೆ ಕಂಬ ಹತ್ತುವವರು ಬರುತ್ತಾರೆ. ಅದೇ ಕಾಯ್ದೆಯ 56(1)ನೇ ಕಲಮು ಇದಕ್ಕೆ ದಾರಿ ಕೊಟ್ಟಿದೆ. ಸಂಪರ್ಕ ಕಡಿಯುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ತಕರಾರು ಇರುವ ಮೊತ್ತ, ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಬರುವ ಮೊತ್ತ, ಇವೆರಡರಲ್ಲಿ ಕಡಿಮೆ ಇರುವುದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ತಕರಾರು ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎಂದು ಅರ್ಜಿಯಲ್ಲೂ ಬರೆದು, ರಸೀದಿಯ ಪ್ರತಿ ಲಗತ್ತಿಸಿ. ಮೊಬೈಲ್‌ನಿಂದ ಕಟ್ಟುವ ದಾರಿಯಲ್ಲಿ ಮೊತ್ತ ಕಡಿಮೆ ಹಾಕಲು ಬಾರದಿದ್ದರೆ ಕಚೇರಿಯ ಕೌಂಟರಿಗೇ ಹೋಗಿ.

ಮೀಟರ್ ಮೇಲೆಯೇ ಅನುಮಾನ ಇದ್ದು ಪರೀಕ್ಷೆ ಕೇಳಿದರೆ, 2020ರ ನಿಯಮಗಳ ಪ್ರಕಾರ 30 ದಿನಗಳೊಳಗೆ ಪರೀಕ್ಷಿಸಬೇಕು. 2024ರ ತಿದ್ದುಪಡಿಯಲ್ಲಿ ಇನ್ನೊಂದು ಅನುಕೂಲ ಸೇರಿದೆ: ದೂರು ಕೊಟ್ಟ ಐದು ದಿನಗಳೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಕೂರಿಸಿ ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು.

ಉಪವಿಭಾಗದಲ್ಲಿ ಕೆಲಸವಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿಯೂ ಸಮಾಧಾನವಾಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್. ಎರಡೂ ಕಾಯ್ದೆಯ 42ನೇ ಕಲಮಿನಿಂದ ಹುಟ್ಟಿದವು. ವಕೀಲರಿಲ್ಲದೆ ನೀವೇ ಹೋಗಬಹುದು. ಒಂದು ತಿಂಗಳ ಮಾಪನದ ತಕರಾರು ಅಷ್ಟು ದೂರ ಹೋಗುವುದು ಅಪರೂಪ. ಹೋದರೆ ಅಲ್ಲಿ ಕೇಳುವ ಮೊದಲ ಕಾಗದ ಠಸ್ಸೆ ಬಿದ್ದ ಆ ಪ್ರತಿ.

ಸಬ್‌ಮೀಟರ್ ಮನೆಗಳು

ಒಂದೇ ಆರ್‌.ಆರ್‌. ಸಂಖ್ಯೆಯ ಮೇಲೆ ಮಾಲೀಕರು ಸಣ್ಣ ಮೀಟರ್‌ಗಳನ್ನು ತಾವೇ ಕೂರಿಸಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿರುತ್ತಾರೆ. ವಿಶ್ವವಿದ್ಯಾಲಯದ ಕಡೆ, ಕಾಲೇಜುಗಳ ಸುತ್ತ ಹುಡುಗರು ಇರುವ ಕೋಣೆಗಳು ಹೆಚ್ಚಾಗಿ ಹೀಗೆಯೇ. ಇಲ್ಲಿ ವಿದ್ಯುತ್ ಕಚೇರಿಗೆ ಏನೂ ಸಂಬಂಧವಿಲ್ಲ. ಅವರು ಸಬ್‌ಮೀಟರ್ ಓದುವುದಿಲ್ಲ. ಬಂದ ದಿನದ ಮಾಪನವನ್ನು ಮಾಲೀಕರ ಎದುರಿನಲ್ಲೇ ಒಂದು ವಹಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಪ್ರತಿ ತಿಂಗಳೂ ಅದೇ ವಹಿಯಲ್ಲಿ ಮುಂದುವರಿಸಿ. ಯೂನಿಟ್‌ಗೆ ಎಷ್ಟು ಎಂಬುದನ್ನೂ ಮೊದಲೇ ಬರೆಸಿ. ಕಂಪನಿಯ ದರಕ್ಕಿಂತ ಬಹಳ ಹೆಚ್ಚು ಕೇಳಿದರೆ ಮುಖ್ಯ ಬಿಲ್ ತೋರಿಸಿ ಎನ್ನಿ. ತೋರಿಸಲು ಹಿಂಜರಿದರೆ ಬೇರೆ ಕೋಣೆ ಹುಡುಕುವುದು ಉತ್ತಮ.

ನೀರಿನ ಮೀಟರ್ ಇರುವ ಬಡಾವಣೆಗಳಲ್ಲೂ ಕೀಲಿ ಪಡೆದ ದಿನವೇ ಅದರ ಫೋಟೊ ತೆಗೆಯಿರಿ. ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ನಿರಂತರ ನೀರಿನ ಯೋಜನೆಯ ಮೀಟರ್‌ಗಳಿವೆ. ಅದರ ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೂ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ.

ಇನ್ನು ನೀವೇ ಮನೆ ಬಿಡುವಾಗ. ಹೊರಡುವ ದಿನ ಮತ್ತೆ ಅದೇ ವಿಡಿಯೊ, ಮತ್ತೆ ಅದೇ ವಾಟ್ಸ್‌ಆ್ಯಪ್. ಆ ದಿನದವರೆಗಿನ ಯೂನಿಟ್‌ನ ಹಣವನ್ನು ಮಾಲೀಕರಿಗೆ ಕೊಟ್ಟು ಡಿಪಾಜಿಟ್ ಪಡೆಯಿರಿ. ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರ್ ಅನ್ನು ಸೇವಾಸಿಂಧುವಿನಲ್ಲಿ ಆ ಆರ್‌.ಆರ್‌. ಸಂಖ್ಯೆಯಿಂದ ಬಿಡಿಸಿ. ಅದನ್ನು ಬಿಡಿಸದೆ ಹೋದರೆ ಹೊಸ ಮನೆಗೆ ಅರ್ಜಿ ಹಾಕುವಾಗ ತೊಡಕಾಗುತ್ತದೆ, ಆ ಮನೆಗೆ ಬಂದವರಿಗೂ ತೊಡಕು. ನೀವು ಹೋಗಿ ಸೇರಿದ ಮನೆಯಲ್ಲೂ ಹಳೆಯವರ ಆಧಾರ್ ಹಾಗೆಯೇ ಅಂಟಿಕೊಂಡಿರುವ ಸಾಧ್ಯತೆ ಇದೆ. ಮುಂಗಡ ಕೊಡುವಾಗಲೇ ಮಾಲೀಕರನ್ನು ಕೇಳಿ ಬಿಡಿಸಿಕೊಳ್ಳಿ.